ಪರದೆಯ ಮನೆಗಳು: ಅವುಗಳ ಅಳತೆಯೂ ಜೋಡಣೆಯೂ

ಭಾಗಾಕಾರವನ್ನು ಕಲಿಯುತ್ತಿರುವ ವಿದ್ಯಾರ್ಥಿಯು, ‘ಇದರಿಂದ ಮುಂದೆ ಏನು ಪ್ರಯೋಜನ?’ ಎಂದು ಕೇಳುವುದುಂಟು. ಆ ಪ್ರಶ್ನೆಗೆ ಒಂದು ಉತ್ತರವು ಅವನ ಮನೆಯ ಮೊಬೈಲಿನಲ್ಲಿಯೇ ದೊರೆಯುತ್ತದೆ. ಬಸ್ಸಿನ ವೇಳೆ, ವಿದ್ಯುತ್ತಿನ ಬಿಲ್ಲು, ಬ್ಯಾಂಕಿನ ಲೆಕ್ಕ, ಶಾಲೆಯ ಪಾಠ, ಇವುಗಳಲ್ಲಿ ಯಾವುದರ ಆಪ್ ಅನ್ನು ತೆರೆದರೂ ಮೊದಲ ಪುಟದಲ್ಲಿ ಸಾಮಾನ್ಯವಾಗಿ ಕಾಣುವುದು ಚಿಕ್ಕ ಚಿಕ್ಕ ಚೌಕಗಳ ಸಾಲು. ಒಂದೊಂದು ಚೌಕದಲ್ಲಿ ಒಂದೊಂದು ಚಿತ್ರ, ಅದರ ಕೆಳಗೆ ಒಂದು ಹೆಸರು. ಆ ಚೌಕಗಳು ತಾವಾಗಿ ಬಂದು ಅಲ್ಲಿ ಕುಳಿತವುಗಳಲ್ಲ. ಪರದೆಯ ಅಗಲವೆಷ್ಟು, ಸಾಲಿಗೆ ಎಷ್ಟು ಚೌಕ, ನಡುವೆ ಎಷ್ಟು ಎಡೆ, ಒಂದೊಂದರ ಎತ್ತರವೆಷ್ಟು ಎಂಬುದನ್ನೆಲ್ಲ ಯಾರೋ ಒಬ್ಬರು ಲೆಕ್ಕ ಹಾಕಿಯೇ ಇಟ್ಟಿರುವರು.

ಆ ಲೆಕ್ಕವು ಸರಿಯಾಗಿದ್ದಲ್ಲಿ ನಾವು ಅದನ್ನು ಗಮನಿಸುವುದೇ ಇಲ್ಲ. ತಪ್ಪಿದಲ್ಲಿ ಮೊದಲ ಪೆಟ್ಟು ಬೀಳುವುದು ಅಕ್ಷರಕ್ಕೆ. ಅದರಲ್ಲಿಯೂ ಕನ್ನಡದಂತಹ ಲಿಪಿಯ ಒತ್ತಕ್ಷರಗಳು ಚೌಕದ ಕೆಳಗೆರೆಗೆ ಸಿಕ್ಕಿ ತುಂಡಾಗುವುವು. ಉದ್ದವಾದ ಪದವು ನಡುವಿನಲ್ಲಿಯೇ ನಿಂತು ಮುಂದೆ ಮೂರು ಚುಕ್ಕೆಗಳು ಮೂಡುವುವು. ಕನ್ನಡವನ್ನು ಆರಿಸಿಕೊಂಡ ಓದುಗನು ಇದನ್ನು ಕಂಡು ಬೇಸತ್ತು ಇಂಗ್ಲಿಷಿಗೆ ಹೊರಳುವನು. ಗಡಿನಾಡಾದ ಕಾಸರಗೋಡಿನಲ್ಲಿ ಮಕ್ಕಳನ್ನು ಕನ್ನಡ ಮಾಧ್ಯಮದ ಶಾಲೆಗೆ ಕಳುಹಿಸುತ್ತಿರುವ ನಮಗೆ ಇದು ಅಲ್ಪ ವಿಷಯವಲ್ಲ. ಆದುದರಿಂದ ಈ ಚೌಕಗಳ ಅಳತೆಯನ್ನೂ ಜೋಡಣೆಯನ್ನೂ ಒಂದು ಪಾಠವಾಗಿ ಇಲ್ಲಿ ವಿವರಿಸುತ್ತೇವೆ. ಐದನೆಯ ತರಗತಿಯ ಗಣಿತವನ್ನು ಬಲ್ಲವರೆಲ್ಲರೂ ಇದನ್ನು ತಿಳಿಯಬಲ್ಲರು.

೧. ಗ್ರಿಡ್ ಎಂದರೇನು?

ಗೆರೆಗಳನ್ನು ಅಡ್ಡವಾಗಿಯೂ ನೀಟವಾಗಿಯೂ ಎಳೆದಾಗ ಉಂಟಾಗುವ ಚೌಕಗಳ ಸಮೂಹಕ್ಕೆ ‘ಗ್ರಿಡ್’ ಎಂದು ಹೆಸರು. ನಮ್ಮ ಮಕ್ಕಳು ಇದನ್ನು ಬೇರೆ ಬೇರೆ ರೂಪಗಳಲ್ಲಿ ಆಗಲೇ ಬಲ್ಲರು. ಚೌಕುಳಿ ಕಾಪಿಪುಸ್ತಕವು ಒಂದು ಗ್ರಿಡ್. ಗೋಡೆಯ ಕ್ಯಾಲೆಂಡರಿನಲ್ಲಿ ವಾರಗಳೂ ದಿನಗಳೂ ಕೂಡುವ ಹಾಳೆಯು ಒಂದು ಗ್ರಿಡ್. ತರಗತಿಯ ವೇಳಾಪಟ್ಟಿಯೂ ಗ್ರಿಡ್ಡೇ. ಚದುರಂಗದ ಹಲಗೆಯಲ್ಲಿ ಒಂದು ಚೌಕವನ್ನು ‘ಮನೆ’ ಎನ್ನುವುದು ವಾಡಿಕೆ. ಇಂಗ್ಲಿಷಿನಲ್ಲಿ ‘ಸೆಲ್’ ಎಂದು ಕರೆಯುವ ಪರದೆಯ ಚೌಕವನ್ನು ನಾವೂ ಮನೆಯೆಂದೇ ಕರೆಯೋಣ. ಎಡದಿಂದ ಬಲಕ್ಕೆ ಇರುವುದು ಅಡ್ಡಸಾಲು. ಮೇಲಿನಿಂದ ಕೆಳಕ್ಕೆ ಇರುವುದು ಕಂಬಸಾಲು. ಪರದೆಯ ಎಡಬಲಗಳಲ್ಲಿ ಬಿಡುವ ಜಾಗವು ಅಂಚು. ಎರಡು ಮನೆಗಳ ನಡುವಣ ಜಾಗವು ಅಂತರ. ಮನೆಯ ಗೆರೆಗೂ ಅದರೊಳಗಿನ ವಸ್ತುವಿಗೂ ನಡುವೆ ಬಿಡುವುದು ಒಳ ಅಂಚು. ಈ ಪಾಠಕ್ಕೆ ಇಷ್ಟು ಪದಗಳು ಸಾಕು.

ಪುಟವನ್ನು ಹೀಗೆ ಭಾಗಮಾಡಿ ಬರಹವನ್ನೂ ಚಿತ್ರವನ್ನೂ ಕೂರಿಸುವ ಕ್ರಮವು ಮುದ್ರಣಕಾರರಿಂದ ಬಂದುದು. ಸ್ವಿಟ್ಸರ್ಲೆಂಡಿನ ಯೋಸೆಫ್ ಮ್ಯೂಲರ್ ಬ್ರೋಕ್ಮನ್ ಎಂಬ ವಿನ್ಯಾಸಕಾರರು ಈ ಕ್ರಮವನ್ನೇ ವಿಷಯವಾಗಿಟ್ಟುಕೊಂಡು ೧೯೮೧ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ವಿನ್ಯಾಸದ ವಿದ್ಯಾರ್ಥಿಗಳು ಅದನ್ನು ಇಂದಿಗೂ ಓದುವರು. ೨೦೦೭ರಲ್ಲಿ ಮಾರಾಟಕ್ಕೆ ಬಂದ ಮೊದಲನೆಯ ಐಫೋನಿನ ಪರದೆಯು ಅಗಲದಲ್ಲಿ ೩೨೦, ಎತ್ತರದಲ್ಲಿ ೪೮೦ ಬಿಂದುಗಳಷ್ಟಿತ್ತು. ಅದರ ಮುಖಪುಟದ ಅಡ್ಡಸಾಲಿಗೆ ನಾಲ್ಕು ಚಿತ್ರಗಳು. ಒಂದೊಂದರ ಅಗಲ ೫೭ ಬಿಂದು. ನಾಲ್ಕು ಐವತ್ತೇಳು ೨೨೮. ಉಳಿದ ೯೨ ಬಿಂದುಗಳು ಅಂಚುಗಳಿಗೂ ಅಂತರಗಳಿಗೂ ಸಂದುವು. ಅಗಲದ ಕಾಲುಭಾಗಕ್ಕಿಂತ ಹೆಚ್ಚು ಜಾಗವು ಬರಿದಾಗಿಯೇ ಇತ್ತೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಆ ಬರಿಯ ಜಾಗವಿದ್ದುದರಿಂದಲೇ ಕಣ್ಣು ಒಂದು ಚಿತ್ರವನ್ನು ಇನ್ನೊಂದರಿಂದ ಬೇರ್ಪಡಿಸಿ ಕಾಣುತ್ತಿತ್ತು.

೨. ಯಾವ ಮಾನದಿಂದ ಅಳೆಯಬೇಕು?

ಮೊಬೈಲಿನ ಪರದೆಯು ಅತಿ ಸೂಕ್ಷ್ಮವಾದ ಬೆಳಕಿನ ಬಿಂದುಗಳಿಂದ ಕೂಡಿದೆ. ಒಂದು ಬಿಂದುವಿಗೆ ‘ಪಿಕ್ಸೆಲ್’ ಎಂದು ಹೆಸರು. ಮನೆಗಳನ್ನು ಪಿಕ್ಸೆಲಿನಿಂದಲೇ ಅಳೆದರೆ ಆಗದೇ ಎಂಬ ಸಂದೇಹವು ಏಳುವುದು ಸಹಜ. ಆಗದು, ಏಕೆಂದರೆ ಎಲ್ಲ ಪರದೆಗಳ ಪಿಕ್ಸೆಲೂ ಒಂದೇ ಗಾತ್ರದ್ದಲ್ಲ. ಒಂದು ಅಂಗುಲದಲ್ಲಿ ಒಂದು ಮೊಬೈಲು ೩೨೦ ಪಿಕ್ಸೆಲುಗಳನ್ನು ಕೂಡಿಸಿದರೆ ಇನ್ನೊಂದು ೪೮೦ನ್ನು ಕೂಡಿಸುವುದು. ೧೦೦ ಪಿಕ್ಸೆಲ್ ಅಗಲದ ಮನೆಯು ಮೊದಲನೆಯದರಲ್ಲಿ ಅಂಗುಲದ ಮೂರನೆಯ ಒಂದು ಭಾಗಕ್ಕೆ ತುಸು ಕಡಿಮೆಯಾದರೆ, ಎರಡನೆಯದರಲ್ಲಿ ಐದನೆಯ ಒಂದು ಭಾಗಕ್ಕೆ ತುಸು ಹೆಚ್ಚು ಮಾತ್ರ. ಹಿಂದೆ ಊರಿಂದೂರಿಗೆ ಸೇರಿನ ಅಳತೆಯು ಬೇರೆಯಾಗಿದ್ದು ವ್ಯಾಪಾರಕ್ಕೆ ತೊಡಕಾದಂತೆಯೇ ಇದು.

ಈ ತೊಡಕನ್ನು ನಿವಾರಿಸಲು ಆಂಡ್ರಾಯ್ಡಿನಲ್ಲಿ ‘ಡಿಪಿ’ ಎಂಬ ಮಾನವನ್ನು ಕಲ್ಪಿಸಿರುವರು. ಅಂಗುಲಕ್ಕೆ ೧೬೦ ಪಿಕ್ಸೆಲುಗಳುಳ್ಳ ಪರದೆಯಲ್ಲಿ ಒಂದು ಡಿಪಿ ಎಂದರೆ ಒಂದು ಪಿಕ್ಸೆಲ್. ಅಂಗುಲಕ್ಕೆ ೩೨೦ ಇದ್ದಲ್ಲಿ ಎರಡು, ೪೮೦ ಇದ್ದಲ್ಲಿ ಮೂರು. ಸೂತ್ರವು ಇಷ್ಟೇ:

ಪಿಕ್ಸೆಲ್ = ಡಿಪಿ × ಅಂಗುಲಕ್ಕಿರುವ ಪಿಕ್ಸೆಲ್ ÷ ೧೬೦

೧೦೮೦ ಪಿಕ್ಸೆಲ್ ಅಗಲದ ಪರದೆಯು ೪೮೦ರ ಸಾಂದ್ರತೆಯದಾದರೆ ಅದರ ಅಗಲ ೩೬೦ ಡಿಪಿ. ಅಷ್ಟೇ ಪಿಕ್ಸೆಲುಗಳಿದ್ದು ಸಾಂದ್ರತೆಯು ೪೨೦ ಆದರೆ ಅಗಲವು ೪೧೧ ಡಿಪಿಗೆ ತುಸು ಹೆಚ್ಚು. ಐಫೋನಿನವರು ಇಂತಹುದೇ ಮಾನವನ್ನು ‘ಪಾಯಿಂಟ್’ ಎನ್ನುವರು. ೨೦೧೦ರಲ್ಲಿ ಬಂದ ಐಫೋನ್ ೪ರಲ್ಲಿ ಪಿಕ್ಸೆಲುಗಳು ೬೪೦ ಮತ್ತು ೯೬೦ಕ್ಕೆ ಏರಿದರೂ, ಪಾಯಿಂಟಿನ ಲೆಕ್ಕದಲ್ಲಿ ಪರದೆಯು ಹಿಂದಿನ ೩೨೦ ಮತ್ತು ೪೮೦ರಲ್ಲಿಯೇ ಉಳಿಯಿತು. ಹೀಗಾಗಿ ಹಳೆಯ ಆಪ್‌ಗಳ ಮನೆಗಳು ಹೊಸ ಪರದೆಯಲ್ಲಿ ಕುಗ್ಗಿಹೋಗಲಿಲ್ಲ.

೩. ಅಗಲದ ಲೆಕ್ಕ

ನಮ್ಮ ನಾಡಿನ ಕಂಗಿನ ತೋಟವನ್ನು ನೋಡಿದವರಿಗೆ ಈ ಲೆಕ್ಕವು ಹೊಸದಲ್ಲ. ಕಂಗಿನ ಗಿಡಗಳ ನಡುವೆ ನಾಲ್ದೆಸೆಗೂ ೨.೭ ಮೀಟರಿನ ಅಂತರವಿರಬೇಕೆಂದು ಕೃಷಿವಿಜ್ಞಾನಿಗಳು ಹೇಳುವರು. ೩೦ ಮೀಟರ್ ಅಗಲದ ಜಾಗದಲ್ಲಿ ಬೇಲಿಯ ಬದಿಗೆ ಇಕ್ಕೆಲಗಳಲ್ಲಿಯೂ ಒಂದೂವರೆ ಮೀಟರ್ ಬಿಟ್ಟರೆ ಉಳಿಯುವುದು ೨೭ ಮೀಟರ್. ಅದರಲ್ಲಿ ೨.೭ ಮೀಟರಿನ ಅಂತರಗಳು ಹತ್ತು. ಗಿಡಗಳೆಷ್ಟು? ಹತ್ತೆಂದು ಅವಸರದಿಂದ ಹೇಳುವವರು ಒಂದು ಗಿಡವನ್ನು ಕಳೆದುಕೊಳ್ಳುವರು, ಗಿಡಗಳು ಹನ್ನೊಂದು. ಅಂತರಗಳ ಸಂಖ್ಯೆಯು ಗಿಡಗಳ ಸಂಖ್ಯೆಗಿಂತ ಯಾವಾಗಲೂ ಒಂದು ಕಡಿಮೆ. ಪರದೆಯ ಮನೆಗಳಿಗೂ ಇದೇ ನಿಯಮ.

ಪರದೆಯ ಅಗಲವು ೩೬೦ ಡಿಪಿ, ಒಂದೊಂದು ಬದಿಯ ಅಂಚು ೧೬, ಮನೆಗಳ ನಡುವಣ ಅಂತರ ೮, ಕಂಬಸಾಲುಗಳು ೩ ಎಂದು ಇಟ್ಟುಕೊಳ್ಳೋಣ. ಎರಡು ಅಂಚುಗಳಿಗೆ ೩೨ ಹೋಯಿತು. ಮೂರು ಮನೆಗಳ ನಡುವೆ ಅಂತರಗಳು ಎರಡು. ಅದಕ್ಕೆ ೧೬ ಹೋಯಿತು. ಉಳಿದುದು ೩೧೨. ಅದನ್ನು ಮೂರರಿಂದ ಭಾಗಿಸಿದರೆ ಒಂದು ಮನೆಯ ಅಗಲ ೧೦೪ ಡಿಪಿ. ಇದನ್ನು ಸೂತ್ರವಾಗಿ ಬರೆದರೆ:

ಮನೆಯ ಅಗಲ = (ಪರದೆಯ ಅಗಲ − ಎರಡು ಅಂಚುಗಳು − ಎಲ್ಲ ಅಂತರಗಳು) ÷ ಕಂಬಸಾಲುಗಳ ಸಂಖ್ಯೆ

ಇನ್ನು, ಕಂಬಸಾಲುಗಳು ಎಷ್ಟಿರಬೇಕೆಂಬ ಪ್ರಶ್ನೆ. ಎಲ್ಲ ಪರದೆಗಳಲ್ಲಿಯೂ ಮೂರೇ ಇರಲಿ ಎಂದು ಕಟ್ಟುಮಾಡಿದರೆ, ೮೦೦ ಡಿಪಿ ಅಗಲದ ಟ್ಯಾಬ್ಲೆಟ್ಟಿನಲ್ಲಿ ಒಂದೊಂದು ಮನೆಯೂ ೨೫೦ ಡಿಪಿಯಷ್ಟು ಹರಡಿಕೊಂಡು, ನಡುವೆ ಒಂದು ಪುಟ್ಟ ಚಿತ್ರವು ಅನಾಥವಾಗಿ ನಿಲ್ಲುವುದು. ಆದುದರಿಂದ ಮನೆಯ ಕನಿಷ್ಠ ಅಗಲವನ್ನು ಮೊದಲು ಗೊತ್ತುಮಾಡಿ, ಅದಕ್ಕೆ ತಕ್ಕಂತೆ ಕಂಬಸಾಲುಗಳನ್ನು ಪರದೆಯೇ ಎಣಿಸಿಕೊಳ್ಳುವಂತೆ ಮಾಡುವುದು ಉತ್ತಮ. ಆಂಡ್ರಾಯ್ಡಿನ ‘ಕಂಪೋಸ್’ ಎಂಬ ಸಾಧನದಲ್ಲಿ ಈ ಕ್ರಮಕ್ಕೆ ‘ಅಡಾಪ್ಟಿವ್’ ಎಂದು ಹೆಸರು. ಕೊನೆಯ ಮನೆಯ ಬಲಕ್ಕೆ ಅಂತರವಿಲ್ಲವಾದುದರಿಂದ, ಇರುವ ಜಾಗಕ್ಕೆ ಒಂದು ಅಂತರವನ್ನು ಕೂಡಿಸಿ, ‘ಕನಿಷ್ಠ ಅಗಲ + ಒಂದು ಅಂತರ’ ಎಂಬ ಮೊತ್ತದಿಂದ ಭಾಗಿಸಿ, ಬಂದ ಪೂರ್ಣಾಂಕವನ್ನು ಮಾತ್ರ ಇಟ್ಟುಕೊಳ್ಳಬೇಕು. ಕನಿಷ್ಠ ಅಗಲವು ೧೦೦ ಡಿಪಿ ಎಂದಾದರೆ, ಮೇಲಿನ ಅಂಚು ಅಂತರಗಳೊಡನೆ ಫಲವು ಹೀಗಿರುವುದು:

ಪರದೆ ೩೨೦: ಕಂಬಸಾಲು ೨, ಮನೆಯ ಅಗಲ ೧೪೦.
ಪರದೆ ೩೬೦: ಕಂಬಸಾಲು ೩, ಮನೆಯ ಅಗಲ ೧೦೪.
ಪರದೆ ೪೧೧: ಕಂಬಸಾಲು ೩, ಮನೆಯ ಅಗಲ ೧೨೧.
ಪರದೆ ೬೦೦: ಕಂಬಸಾಲು ೫, ಮನೆಯ ಅಗಲ ೧೦೭.೨.

ಕೊನೆಯ ಸಾಲಿನಲ್ಲಿ ಭಾಗಾಕಾರವು ಸರಿಯಾಗಿ ಮುಗಿಯಲಿಲ್ಲ. ಪರದೆಯಲ್ಲಿ ಅರ್ಧ ಪಿಕ್ಸೆಲ್ ಎಂಬುದು ಇಲ್ಲ. ಇಂತಹ ಸಂದರ್ಭದಲ್ಲಿ ಶೇಷವನ್ನು ಏನು ಮಾಡಬೇಕು? ಒಂದು ಉದಾಹರಣೆ ನೋಡೋಣ. ಅಂಚು ಅಂತರಗಳನ್ನು ಕಳೆದ ಮೇಲೆ ೫೯೨ ಪಿಕ್ಸೆಲ್ ಉಳಿದಿದೆ, ಮನೆಗಳು ಐದು. ಭಾಗಲಬ್ಧ ೧೧೮, ಶೇಷ ೨. ಎಲ್ಲವನ್ನೂ ೧೧೮ ಮಾಡಿದರೆ ಬಲದ ಅಂಚು ಎಡದ ಅಂಚಿಗಿಂತ ಎರಡು ಪಿಕ್ಸೆಲ್ ಅಗಲವಾಗುವುದು. ಎಲ್ಲವನ್ನೂ ೧೧೯ ಮಾಡಿದರೆ ಒಟ್ಟು ೫೯೫. ಮೂರು ಪಿಕ್ಸೆಲ್ ಹೆಚ್ಚಾಗಿ, ಐದನೆಯ ಮನೆಯು ಸಾಲಿನಲ್ಲಿ ಹಿಡಿಯದೆ ಕೆಳಗಿನ ಸಾಲಿಗೆ ಜಾರುವುದೂ ಉಂಟು. ಸರಿಯಾದ ಕ್ರಮವೆಂದರೆ, ಶೇಷವನ್ನು ಒಂದೊಂದಾಗಿ ಮೊದಲ ಮನೆಗಳಿಗೆ ಹಂಚುವುದು: ಎರಡು ಮನೆಗಳಿಗೆ ೧೧೯, ಮೂರಕ್ಕೆ ೧೧೮, ಒಟ್ಟು ೫೯೨. ಮೇಲೆ ಹೇಳಿದ ಕಂಪೋಸ್ ಸಾಧನವು ಹೀಗೆಯೇ ಮಾಡುವುದು. ಒಂದು ಪಿಕ್ಸೆಲಿನ ಈ ಭೇದವು ಕಣ್ಣಿಗೆ ತೋರದು.

ಮನೆಯನ್ನು ಬೆರಳಿನಿಂದ ಒತ್ತಬೇಕಾಗಿರುವುದರಿಂದ ಅದು ತೀರ ಚಿಕ್ಕದಾಗಬಾರದು. ಒತ್ತತಕ್ಕ ಜಾಗವು ಆಂಡ್ರಾಯ್ಡಿನಲ್ಲಿ ೪೮ ಡಿಪಿಗೂ ಐಫೋನಿನಲ್ಲಿ ೪೪ ಪಾಯಿಂಟಿಗೂ ಕಡಿಮೆಯಿರಬಾರದೆಂದು ಆಯಾ ಸಂಸ್ಥೆಗಳ ಸೂಚನೆಯಿದೆ.

೪. ಎತ್ತರದ ಲೆಕ್ಕ

ಅಗಲಕ್ಕೆ ಪರದೆಯೇ ಮಿತಿ. ಎತ್ತರಕ್ಕೆ ಅಂತಹ ಮಿತಿಯಿಲ್ಲ. ಪರದೆಯನ್ನು ಬೆರಳಿನಿಂದ ಮೇಲಕ್ಕೆ ಸರಿಸುತ್ತ ಎಷ್ಟು ಸಾಲುಗಳನ್ನಾದರೂ ನೋಡಬಹುದು. ಹೀಗಿದ್ದೂ ಹೆಚ್ಚಿನ ತಪ್ಪುಗಳು ಎತ್ತರದಲ್ಲಿಯೇ ಆಗುವುವು. ಅದಕ್ಕೆ ಕಾರಣವೇನೆಂದರೆ, ಅನೇಕ ಸಾಧನಗಳಲ್ಲಿ ಎತ್ತರವನ್ನು ಅಗಲದೊಡನೆ ಒಂದು ಪ್ರಮಾಣದಲ್ಲಿ ಕಟ್ಟಿಹಾಕುವ ಸೌಕರ್ಯವಿದೆ. ‘ಫ್ಲಟರ್’ ಎಂಬ ಸಾಧನದ ಗ್ರಿಡ್ಡಿನಲ್ಲಿ, ಬೇರೇನನ್ನೂ ಹೇಳದಿದ್ದರೆ, ಈ ಪ್ರಮಾಣವು ಒಂದಕ್ಕೆ ಒಂದು. ಅಂದರೆ ಅಗಲ ೧೦೪ ಆದರೆ ಎತ್ತರವೂ ೧೦೪. ಬರಿಯ ಛಾಯಾಚಿತ್ರಗಳನ್ನು ಜೋಡಿಸುವಲ್ಲಿ ಇದು ಚೆನ್ನ, ಬರಹವಿರುವಲ್ಲಿ ಅಪಾಯಕರ.

ಲೆಕ್ಕ ಹಾಕಿ ನೋಡೋಣ. ಒಂದು ಶಾಲೆಯ ಆಪ್‌ನಲ್ಲಿ ಹಾಜರಿ, ವೇಳಾಪಟ್ಟಿ, ಅಂಕಪಟ್ಟಿ, ಗ್ರಂಥಾಲಯ, ಮಧ್ಯಾಹ್ನದ ಬಿಸಿಯೂಟ, ವಿದ್ಯಾರ್ಥಿವೇತನ ಮೊದಲಾದ ಮನೆಗಳಿವೆ ಎಂದು ಭಾವಿಸೋಣ. ಒಳ ಅಂಚು ಮೇಲೆ ೮, ಕೆಳಗೆ ೮. ಚಿತ್ರದ ಎತ್ತರ ೪೮. ಚಿತ್ರಕ್ಕೂ ಹೆಸರಿಗೂ ನಡುವೆ ೮. ಇಂಗ್ಲಿಷಿನ ಒಂದು ಸಾಲು ಹೆಸರಿಗೆ ೨೦ ಇಟ್ಟರೆ ಒಟ್ಟು ೯೨. ೧೦೪ರ ಮನೆಯಲ್ಲಿ ಅದು ಸುಖವಾಗಿ ಕೂರುವುದು. ಈಗ ಕನ್ನಡವನ್ನು ತನ್ನಿ. ‘ಮಧ್ಯಾಹ್ನದ ಬಿಸಿಯೂಟ’ ಎಂಬುದು ಒಂದು ಸಾಲಿನಲ್ಲಿ ಹಿಡಿಯದು. ಎರಡು ಸಾಲುಗಳು ಬೇಕು. ಒತ್ತಕ್ಷರಗಳಿಗೆ ಎಡೆಯಿರಬೇಕಾದುದರಿಂದ ಸಾಲಿಗೆ ೨೦ ಸಾಲದು; ೨೪ ಇಡೋಣ. ಒಟ್ಟು ೮ + ೪೮ + ೮ + ೪೮ + ೮ = ೧೨೦. ಮನೆಯ ಎತ್ತರವೋ ೧೦೪. ಕೆಳಗಿನ ಒಳ ಅಂಚನ್ನು ಉಳಿಸಿಕೊಂಡರೆ ಹದಿನಾರು ಡಿಪಿಯಷ್ಟು ಬರಹಕ್ಕೆ ಎಡೆಯಿಲ್ಲ. ಎರಡನೆಯ ಸಾಲಿನ ಬಹುಪಾಲು ಕಣ್ಮರೆಯಾಯಿತು.

ಕನ್ನಡದ ಅಕ್ಷರವು ಮೂರು ನೆಲೆಗಳ ಕಟ್ಟಡ. ನಡುವೆ ಮೂಲಾಕ್ಷರ, ಮೇಲೆ ತಲೆಕಟ್ಟು ಮತ್ತು ಗುಡಿಸು, ಕೆಳಗೆ ಒತ್ತು. ಇಂಗ್ಲಿಷಿನ ಅಳತೆಗೆ ಕಟ್ಟಿದ ಮನೆಯಲ್ಲಿ ಕೆಳಗಿನ ನೆಲೆಯೇ ಮೊದಲು ಮುಳುಗುವುದು. ಒತ್ತು ಹೋದರೆ ಏನಾಗುವುದೆಂಬುದನ್ನು ಮಕ್ಕಳು ತಾವೇ ಪರೀಕ್ಷಿಸಬಹುದು. ‘ಹಳ್ಳಿ’ಯ ಒತ್ತನ್ನು ಮುಚ್ಚಿದರೆ ‘ಹಳಿ’, ‘ಬಳ್ಳಿ’ಯು ‘ಬಳಿ’ಯಾಗುವುದು, ‘ಮಗ್ಗ’ವು ‘ಮಗ’ನಾಗುವನು! ಅರ್ಧ ಅಂಗುಲದ ಮನೆಯ ಕೆಳಗೆರೆಯು ಎಳೆದ ಕಡೆಯಲ್ಲಿ ಅರ್ಥವೇ ಮಾರ್ಪಡುವುದು. ಗೂಗಲ್ ಸಂಸ್ಥೆಯು ‘ಮೆಟೀರಿಯಲ್ ಡಿಸೈನ್’ ಎಂಬ ತನ್ನ ವಿನ್ಯಾಸಸೂತ್ರಗಳಲ್ಲಿ ದಕ್ಷಿಣ ಏಷ್ಯದ ಭಾಷೆಗಳ ಲಿಪಿಗಳನ್ನು ‘ಎತ್ತರದ ಲಿಪಿ’ಗಳ ಗುಂಪಿಗೆ ಸೇರಿಸಿ, ಅವುಗಳಿಗೆ ಹೆಚ್ಚಿನ ಸಾಲೆತ್ತರ ಬೇಕೆಂದು ಹೇಳಿತ್ತು. ಸೂತ್ರವಿದ್ದರೆ ಸಾಲದು, ಮನೆ ಕಟ್ಟುವವನು ಅದನ್ನು ಪಾಲಿಸಬೇಕಷ್ಟೆ.

ಆದುದರಿಂದ ಎತ್ತರವನ್ನು ಒಳಗಿನ ವಸ್ತುವಿನಿಂದಲೇ ನಿರ್ಣಯಿಸತಕ್ಕದ್ದು. ಒಂದು ಅಡ್ಡಸಾಲಿನ ಮನೆಗಳಲ್ಲಿ ಯಾವುದಕ್ಕೆ ಅತಿ ಹೆಚ್ಚು ಎತ್ತರ ಬೇಕೋ ಅದೇ ಆ ಸಾಲಿನ ಎಲ್ಲ ಮನೆಗಳ ಎತ್ತರವಾಗಲಿ. ಮೇಲಿನ ಉದಾಹರಣೆಯಲ್ಲಿ ಸಾಲಿನ ಎತ್ತರ ೧೨೦. ‘ಹಾಜರಿ’ಯ ಮನೆಯೂ ೧೨೦. ಹೀಗೆ ಮಾಡಿದಲ್ಲಿ ಸಾಲು ಸಮನಾಗಿರುವುದು, ಅಕ್ಷರವೂ ಉಳಿಯುವುದು.

೫. ಜೋಡಣೆ

ಮನೆಗಳ ಅಳತೆಯಾಯಿತು. ಇನ್ನು ಅವುಗಳೊಳಗೆ ವಸ್ತುಗಳನ್ನು ಎಲ್ಲಿ ಇಡಬೇಕೆಂಬುದು. ಇಲ್ಲಿ ಎರಡು ಬೇರೆ ಬೇರೆ ವಿಷಯಗಳಿವೆ. ಮನೆಗಳನ್ನು ಪರದೆಯಲ್ಲಿ ಜೋಡಿಸುವುದು ಒಂದು. ಚಿತ್ರವನ್ನೂ ಬರಹವನ್ನೂ ಮನೆಯಲ್ಲಿ ಜೋಡಿಸುವುದು ಇನ್ನೊಂದು. ಹೊಸದಾಗಿ ಕಲಿಯುವವರು ಇವೆರಡನ್ನು ಬೆರೆಸಿ ತೊಂದರೆಗೆ ಒಳಗಾಗುವರು. ತರಗತಿಯಲ್ಲಿ ಬೆಂಚುಗಳನ್ನು ಸಾಲಾಗಿ ಇಡುವುದು ಬೇರೆ, ಬೆಂಚಿನ ಮೇಲೆ ಮಕ್ಕಳನ್ನು ಕೂರಿಸುವುದು ಬೇರೆ ಎಂದು ನೆನಪಿಟ್ಟರೆ ಸಾಕು.

ಮೊದಲನೆಯದನ್ನು ನೋಡೋಣ. ಮೂರು ಕಂಬಸಾಲುಗಳಲ್ಲಿ ಹತ್ತು ಮನೆಗಳಿದ್ದರೆ ಕೊನೆಯ ಅಡ್ಡಸಾಲಿನಲ್ಲಿ ಒಂದೇ ಮನೆ ಉಳಿಯುವುದು. ಅದನ್ನು ಪರದೆಯ ಅಗಲಕ್ಕೂ ಎಳೆದು ಹಿಗ್ಗಿಸಿದರೆ, ಅದೇನೋ ಬಹಳ ಮುಖ್ಯವಾದುದೆಂಬ ಭ್ರಮೆಯುಂಟಾಗುವುದು. ನಡುವಿಗೆ ತಂದರೆ ಮೇಲಿನ ಮನೆಗಳ ನೇರವು ತಪ್ಪುವುದು. ಎಡಗಡೆಯಲ್ಲಿ, ಉಳಿದವುಗಳ ಅಗಲದಲ್ಲಿಯೇ ಇರಿಸಿ, ಬಲಗಡೆಯನ್ನು ಬರಿದಾಗಿ ಬಿಡುವುದು ಲೇಸು.

ಎರಡನೆಯದರಲ್ಲಿ, ಮೇಲಿನಿಂದ ಕೆಳಗಿನ ಜೋಡಣೆಯು ಬಹಳ ಸಲ ಕೆಡುವುದು. ೧೨೦ ಎತ್ತರದ ಸಾಲಿನಲ್ಲಿ ಎಲ್ಲವನ್ನೂ ಮನೆಯ ನಟ್ಟನಡುವೆ ಇಟ್ಟೆವು ಎನ್ನೋಣ. ಎರಡು ಸಾಲಿನ ಹೆಸರಿರುವ ಮನೆಯಲ್ಲಿ ಒಳಗಿನ ವಸ್ತುವಿನ ಎತ್ತರ ೧೦೪. ಆದುದರಿಂದ ಚಿತ್ರವು ಮೇಲಿನಿಂದ ೮ರಲ್ಲಿ ಆರಂಭವಾಗುವುದು. ‘ಹಾಜರಿ’ಗೆ ಒಂದೇ ಸಾಲು; ಒಳಗಿನ ಎತ್ತರ ೮೦; ಅದರ ಚಿತ್ರವು ಮೇಲಿನಿಂದ ೨೦ರಲ್ಲಿ ಆರಂಭವಾಗುವುದು. ಪಕ್ಕಪಕ್ಕದ ಚಿತ್ರಗಳು ೧೨ ಡಿಪಿಯಷ್ಟು ಮೇಲೆ ಕೆಳಗಾಗಿ, ಸಾಲು ಅಲೆಯಂತೆ ಕಾಣುವುದು. ಪರಿಹಾರವು ಸುಲಭ: ಎಲ್ಲವನ್ನೂ ಮನೆಯ ಮೇಲ್ಭಾಗಕ್ಕೆ ಸರಿಹೊಂದಿಸಬೇಕು. ಆಗ ಚಿತ್ರಗಳೆಲ್ಲ ಒಂದು ನೇರಕ್ಕೂ ಹೆಸರುಗಳ ಮೊದಲ ಸಾಲುಗಳು ಒಂದು ನೇರಕ್ಕೂ ನಿಲ್ಲುವುವು; ಹೆಚ್ಚುಕಡಮೆಯೆಲ್ಲ ಕೆಳಗೆ ಉಳಿಯುವುದು.

ಎಡಬಲಗಳ ಜೋಡಣೆಗೆ ಅಂಕಪಟ್ಟಿಯೇ ಒಳ್ಳೆಯ ಪಾಠ. ವಿಷಯದ ಹೆಸರುಗಳು ಎಡಕ್ಕೆ ಸರಿಯಾಗಿರಬೇಕು. ಓದುವ ಕಣ್ಣು ಪ್ರತಿ ಸಾಲಿನಲ್ಲಿಯೂ ಅಲ್ಲಿಂದಲೇ ಹೊರಡುವುದು. ಅಂಕಗಳು ಬಲಕ್ಕೆ ಸರಿಯಾಗಿರಬೇಕು. ಬಿಡಿಯ ಕೆಳಗೆ ಬಿಡಿ, ಹತ್ತರ ಕೆಳಗೆ ಹತ್ತು, ನೂರರ ಕೆಳಗೆ ನೂರು ಬರುವುದು. ೯, ೮೭, ೧೦೦ ಇವನ್ನು ನಡುವಿಗೆ ಇಟ್ಟು ಬರೆದು ನೋಡಿದರೆ ಕೂಡುವುದಕ್ಕೆ ಎಷ್ಟು ಕಷ್ಟವೆಂಬುದು ತಿಳಿಯುವುದು. ಒಂದನೆಯ ತರಗತಿಯ ಸ್ಲೇಟಿನ ಮೇಲೆ ಕಲಿತ ಈ ನಿಯಮವು ಪರದೆಯ ಮೇಲೂ ಬದಲಾಗುವುದಿಲ್ಲ. ಸಂಖ್ಯೆಯನ್ನಂತೂ ಎಂದಿಗೂ ತುಂಡರಿಸಕೂಡದು. ೧೦೦ರ ಕೊನೆಯ ಸೊನ್ನೆಯು ಮರೆಯಾದರೆ ಉಳಿಯುವುದು ೧೦. ಇಲ್ಲಿ ತಪ್ಪಾದುದೆಂದು ತೋರಿಸುವ ಗುರುತೂ ಇರದು.

೬. ಪದವು ಹಿಡಿಯದಿದ್ದಾಗ

ಹೆಸರನ್ನು ಇಷ್ಟೇ ಅಕ್ಷರಗಳಿಗೆ ನಿಲ್ಲಿಸಬೇಕೆಂದು ಕೆಲವರು ಎಣಿಕೆಯಿಂದ ಕತ್ತರಿಸುವರು. ಕನ್ನಡದಲ್ಲಿ ಈ ಎಣಿಕೆಯೇ ಮೋಸ. ‘ಸ್ತ್ರೀ’ ಎಂಬುದು ನಮಗೆ ಒಂದು ಅಕ್ಷರ. ಆದರೆ ಯೂನಿಕೋಡ್ ಎಂಬ ಸಂಕೇತಪದ್ಧತಿಯಲ್ಲಿ ಅದು ಸ, ವಿರಾಮ, ತ, ವಿರಾಮ, ರ, ದೀರ್ಘ ಈಕಾರದ ಗುರುತು ಎಂಬ ಆರು ಸಂಕೇತಗಳು. ‘ವಿದ್ಯಾರ್ಥಿ’ ಎಂಬ ಮೂರು ಅಕ್ಷರಗಳ ಪದವು ಹತ್ತು ಸಂಕೇತಗಳು. ನಾಲ್ಕಕ್ಕೆ ಕತ್ತರಿಸಿದರೆ ‘ವಿದ್’ ಎಂಬ ಅರ್ಥವಿಲ್ಲದ ತುಂಡು ಉಳಿಯುವುದು. ಪದದ ಅಗಲವನ್ನು ಅಚ್ಚಿನಲ್ಲಿ ಅಳೆಯಬೇಕೇ ಹೊರತು ಸಂಕೇತಗಳನ್ನು ಎಣಿಸಿ ಊಹಿಸಬಾರದು.

ಪದವು ಎರಡನೆಯ ಸಾಲಿಗೆ ಇಳಿಯಬೇಕಾದರೆ ಎಲ್ಲಿ ಮುರಿಯಬೇಕೆಂಬುದೂ ಮುಖ್ಯ. ಯಂತ್ರವು ಪದಗಳ ನಡುವಣ ತೆರಪನ್ನು ನೋಡಿ ಸಾಲನ್ನು ಮುರಿಯುವುದು. ‘ವಿದ್ಯಾರ್ಥಿವೇತನ’ದಲ್ಲಿ ತೆರಪಿಲ್ಲ. ಸಮಾಸವನ್ನು ಬಲ್ಲ ನಮಗೆ ‘ವಿದ್ಯಾರ್ಥಿ’ ಮತ್ತು ‘ವೇತನ’ ಎಂಬ ಎರಡು ಪದಗಳು ಕಾಣುವುವು, ಯಂತ್ರಕ್ಕೆ ಕಾಣವು. ಸಮಾಸದ ಕೂಡುಗಡೆಯಲ್ಲಿ ಕಣ್ಣಿಗೆ ತೋರದ ಒಂದು ಸಂಕೇತವನ್ನು ಇಟ್ಟರೆ ಅಲ್ಲಿ ಮುರಿಯಬಹುದೆಂದು ಯಂತ್ರಕ್ಕೆ ತಿಳಿಯುವುದು. ಹೀಗೆ ವ್ಯಾಕರಣದ ಪಾಠವೂ ಪರದೆಯ ಕೆಲಸಕ್ಕೆ ಬರುವುದು. ಇಡದಿದ್ದರೆ ಇನ್ನೊಂದು ಕೇಡು. ೨೦೧೭ರ ಮಾರ್ಚಿಯಲ್ಲಿ ಕ್ರೋಮ್, ಫೈರ್‌ಫಾಕ್ಸ್, ಸಫಾರಿಗಳಲ್ಲಿ ಬಳಕೆಗೆ ಬಂದ ‘ಸಿ.ಎಸ್.ಎಸ್. ಗ್ರಿಡ್’ ಎಂಬ ಕ್ರಮದಲ್ಲಿ ಅಗಲವನ್ನು ಸಮಪಾಲು ಮಾಡಿದ್ದರೂ, ಮುರಿಯಲಾಗದ ದೀರ್ಘಪದವು ಬಂದರೆ ಆ ಪಾಲು ತಾನೇ ಹಿಗ್ಗಿ ಉಳಿದವುಗಳನ್ನು ಕುಗ್ಗಿಸುವುದು. ಪಾಲಿನ ಕನಿಷ್ಠವು ಸೊನ್ನೆಯೆಂದು ಬೇರೆಯಾಗಿ ಹೇಳಿದಲ್ಲಿ ಮಾತ್ರ ಪಾಲುಗಳು ಸಮನಾಗಿ ಉಳಿಯುವುವು.

ಮೂರನೆಯದಾಗಿ, ಅಕ್ಷರದ ಗಾತ್ರವು ಆಪ್ ಮಾಡುವವನ ಕೈಯಲ್ಲಿ ಮಾತ್ರ ಇಲ್ಲ. ದೃಷ್ಟಿ ಮಂದವಾದ ಅಜ್ಜ ಅಜ್ಜಿಯರು ಮೊಬೈಲಿನಲ್ಲಿ ಅಕ್ಷರವನ್ನು ದೊಡ್ಡದು ಮಾಡಿಕೊಳ್ಳುವರು. ೨೦೨೩ರಲ್ಲಿ ಬಂದ ಆಂಡ್ರಾಯ್ಡ್ ೧೪ರಲ್ಲಿ ಅಕ್ಷರವನ್ನು ಶೇಕಡಾ ೨೦೦ರ ವರೆಗೆ ಹಿಗ್ಗಿಸಬಹುದಾಗಿದೆ. ಜಾಲತಾಣಗಳಿಗಾಗಿ ೨೦೦೮ರಲ್ಲಿ ಪ್ರಕಟವಾದ ‘ಡಬ್ಲ್ಯು.ಸಿ.ಎ.ಜಿ. ೨.೦’ ಎಂಬ ನಿಯಮಾವಳಿಯೂ, ಬರಹವನ್ನು ಶೇಕಡಾ ೨೦೦ಕ್ಕೆ ಹಿಗ್ಗಿಸಿದಾಗ ಯಾವುದೂ ಕಳೆದುಹೋಗಬಾರದೆಂದು ವಿಧಿಸಿದೆ. ನಮ್ಮ ಮನೆಯಲ್ಲಿ ಎರಡು ಸಾಲುಗಳ ೪೮, ಇಮ್ಮಡಿಯಾದರೆ ೯೬. ಮನೆಯ ಎತ್ತರ ೧೬೮ ಆಗಬೇಕು. ಅಗಲವೂ ಸಾಲದು, ಮೂರು ಕಂಬಸಾಲುಗಳನ್ನು ಎರಡಕ್ಕೆ ಇಳಿಸಿದರೆ ೩೬೦ರ ಪರದೆಯಲ್ಲಿ ಮನೆಯ ಅಗಲ ೧೬೦ ಆಗುವುದು. ಅ‌ಕ್ಷರ ಹಿಗ್ಗಿದಂತೆ ಕನಿಷ್ಠ ಅಗಲವೂ ಹಿಗ್ಗುವಂತೆ ಮೊದಲೇ ಲೆಕ್ಕ ಕಟ್ಟಿದ್ದರೆ ಇದೆಲ್ಲವೂ ತಾನಾಗಿಯೇ ನಡೆಯುವುದು.

ಇಷ್ಟು ಸುಲಭವಾದ ಲೆಕ್ಕವು ಏಕೆ ತಪ್ಪುವುದು? ಆಪ್ ಮಾಡುವವರು ಚಿಕ್ಕ ಚಿಕ್ಕ ಇಂಗ್ಲಿಷ್ ಪದಗಳನ್ನಿಟ್ಟು ಪರೀಕ್ಷಿಸಿ ಮುಗಿಸುವುದೇ ಇದಕ್ಕೆ ಒಂದು ಕಾರಣ. ಫ್ಲಟರಿನಲ್ಲಿ, ಸಾಲಾಗಿ ಇಟ್ಟ ವಸ್ತುಗಳು ಮನೆಯನ್ನು ಮೀರಿದರೆ, ತಯಾರಿಯ ಹಂತದಲ್ಲಿ ಹಳದಿ ಕಪ್ಪು ಪಟ್ಟೆಗಳು ಮೂಡಿ ಎಚ್ಚರಿಸುವುವು. ಇಂಗ್ಲಿಷಿನ ೯೨ ಎಂಬುದು ೧೦೪ನ್ನು ಮೀರದ ಕಾರಣ ಪಟ್ಟೆಯು ಮೂಡುವುದೇ ಇಲ್ಲ. ಆಪ್ ಜನರ ಕೈಗೆ ಬಂದು ಕನ್ನಡಕ್ಕೆ ತಿರುಗಿದಾಗ ಅಕ್ಷರವು ಮೀರುವುದು. ಆದರೆ ಸಿದ್ಧವಾದ ಆಪ್‌ನಲ್ಲಿ ಆ ಪಟ್ಟೆಗಳು ಕಾಣುವುದಿಲ್ಲ. ಕಾಣುವುದು ಕೆಟ್ಟ ಬರಹವು ಮಾತ್ರ, ಅದೂ ಕನ್ನಡ ಓದುವವರಿಗೆ ಮಾತ್ರ.

೭. ನಾವು ಮಾಡತಕ್ಕದ್ದು

ತಂದೆತಾಯಂದಿರಲ್ಲಿ ನಮ್ಮ ಬಿನ್ನಹವಿಷ್ಟೆ. ಕನ್ನಡದ ಆಯ್ಕೆಯಿರುವ ಆಪ್‌ನಲ್ಲಿ ಬರಹವು ತುಂಡಾಗಿ ಕಂಡರೆ, ಕನ್ನಡವೇ ಮೊಬೈಲಿಗೆ ಒಗ್ಗದ ಭಾಷೆಯೆಂದು ತಿಳಿದು ಇಂಗ್ಲಿಷಿಗೆ ಹೊರಳಬೇಡಿರಿ. ದೋಷವು ಭಾಷೆಯದಲ್ಲ, ಮನೆಯ ಅಳತೆಯದು. ಆ ಪರದೆಯ ಚಿತ್ರವನ್ನು ತೆಗೆದು, ಯಾವ ಪದವು ಎಲ್ಲಿ ತುಂಡಾಯಿತೆಂದು ಎರಡು ಸಾಲು ಬರೆದು, ಆಪ್ ಮಾಡಿದವರಿಗೆ ಕಳುಹಿಸಿರಿ. ಬಳಸುವವರೇ ಇಲ್ಲವೆಂದು ತೋರಿದ ಭಾಷೆಗೆ ತಿದ್ದುಪಡಿಯೂ ದೊರೆಯದು. ಹಿರಿಯರು ಅಕ್ಷರವನ್ನು ದೊಡ್ಡದು ಮಾಡಿಕೊಳ್ಳಲು ಸಂಕೋಚಪಡಬೇಕಾದುದೂ ಇಲ್ಲ.

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಕೆಲವರು ಮುಂದೆ ಈ ಕೆಲಸವನ್ನೇ ವೃತ್ತಿಯಾಗಿ ಹಿಡಿಯಬಹುದು. ಆಗ ಮೂರು ಪರೀಕ್ಷೆಗಳನ್ನು ಮರೆಯದಿರಿ: ಅತಿ ಉದ್ದವಾದ ಕನ್ನಡ ಪದವನ್ನು ಇಟ್ಟು ನೋಡುವುದು, ಅಕ್ಷರವನ್ನು ಇಮ್ಮಡಿ ಮಾಡಿ ನೋಡುವುದು, ಅತಿ ಕಿರಿದಾದ ಪರದೆಯಲ್ಲಿ ನೋಡುವುದು. ಈ ಮೂರರಲ್ಲಿಯೂ ಉತ್ತೀರ್ಣವಾದ ಮನೆಯು ಕನ್ನಡಕ್ಕೆ ಮಾತ್ರವಲ್ಲದೆ ಮಲಯಾಳಕ್ಕೂ ತಮಿಳಿಗೂ ತೆಲುಗಿಗೂ ಸಾಕಾಗುವುದು. ಅಕ್ಷರಕ್ಕೆ ತಕ್ಕಂತೆ ಮನೆಯನ್ನು ಕಟ್ಟಬೇಕು. ಮನೆಗೆ ತಕ್ಕಂತೆ ಅಕ್ಷರವನ್ನು ಕತ್ತರಿಸಬಾರದು. ಇದೇ ಈ ಪಾಠದ ಸಾರ.

ಅಭ್ಯಾಸ

(೧) ಪರದೆಯ ಅಗಲ ೩೮೪, ಒಂದೊಂದು ಅಂಚು ೧೨, ಅಂತರ ೧೨, ಕಂಬಸಾಲು ೩. ಮನೆಯ ಅಗಲವೆಷ್ಟು?

(೨) ಪರದೆಯ ಅಗಲ ೪೮೦, ಒಂದೊಂದು ಅಂಚು ೧೬, ಅಂತರ ೮, ಮನೆಯ ಕನಿಷ್ಠ ಅಗಲ ೧೨೦. ಕಂಬಸಾಲುಗಳೆಷ್ಟು? ಮನೆಯ ಅಗಲವೆಷ್ಟು?

(೩) ಅಂಗುಲಕ್ಕೆ ೪೮೦ ಪಿಕ್ಸೆಲ್ ಇರುವ ಪರದೆಯಲ್ಲಿ ೧೦೪ ಡಿಪಿ ಎಂದರೆ ಎಷ್ಟು ಪಿಕ್ಸೆಲ್?

(೪) ೧೦೦೦ ಪಿಕ್ಸೆಲುಗಳನ್ನು ಆರು ಮನೆಗಳಿಗೆ ಶೇಷವುಳಿಯದಂತೆ ಹಂಚಿರಿ.

(೫) ಒತ್ತಕ್ಷರವು ಮರೆಯಾದರೆ ಅರ್ಥವು ಬೇರೆಯಾಗುವ ಪದಗಳನ್ನು, ಪಾಠದಲ್ಲಿರುವವನ್ನು ಬಿಟ್ಟು, ನಿಮ್ಮ ಮನೆಯವರೊಡನೆ ಕೂಡಿ ಹುಡುಕಿರಿ.

(೬) ಚೌಕುಳಿ ಕಾಗದದಲ್ಲಿ ನಿಮ್ಮ ತರಗತಿಯ ವೇಳಾಪಟ್ಟಿಯನ್ನು ಬರೆಯಿರಿ. ಅತಿ ಉದ್ದವಾದ ವಿಷಯದ ಹೆಸರನ್ನು ಮೊದಲು ಬರೆದು, ಮನೆಯ ಅಳತೆಯನ್ನು ಅದರಿಂದಲೇ ನಿರ್ಣಯಿಸಿರಿ.

ಉತ್ತರಗಳು: (೧) ೧೧೨. (೨) ೩, ೧೪೪. (೩) ೩೧೨. (೪) ನಾಲ್ಕು ಮನೆಗಳಿಗೆ ೧೬೭, ಎರಡಕ್ಕೆ ೧೬೬.